ಕೊನೆಯ ಬೆಂಚಿನಿಂದ ಪರಮಪ್ರಸಾದದವರೆಗೆ

(ತಪಸ್ಸುಕಾಲದ ಒಂದು ಭಾನುವಾರ ಸಂಜೆ ಮಂಗಳೂರಿನ ಒಂದು ಧರ್ಮಕೇಂದ್ರದ ಸಭಾಂಗಣದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಪೂಜ್ಯ ಗುರುಗಳೇ, ಧರ್ಮಭಗಿನಿಯರೇ, ಹಿರಿಯರೇ, ಬಂಧುಗಳೇ,

ಈ ಮಾತನ್ನು ಕೊಂಕಣಿಯಲ್ಲಿ ಆಡಬೇಕೆಂದು ಸಂಘಟಕರು ಮೊದಲು ಕೇಳಿದ್ದರು. ಕನ್ನಡದಲ್ಲಿ ಆಡಲು ಅನುಮತಿ ಕೊಡಿ ಎಂದು ನಾನೇ ಕೇಳಿಕೊಂಡೆ. ಇಗರ್ಜಿಯ ಹೊರಗೆ ಮದುವೆಯಾದ ಕಥೋಲಿಕರು ಸಂಸ್ಕಾರಗಳಿಗೆ, ಅಂದರೆ ಪಾಪಕ್ಷಮೆಗೂ ಬಲಿಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿಯಾದ ಪರಮಪ್ರಸಾದಕ್ಕೂ, ಮರಳುವುದು ಹೇಗೆ ಎಂಬ ಈ ವಿಷಯ ಕಥೋಲಿಕರಿಗೆ ಎಷ್ಟು ಸೇರಿದ್ದೋ ಅವರ ಕೈ ಹಿಡಿದವರಿಗೂ ಅಷ್ಟೇ ಸೇರಿದ್ದು; ನಮ್ಮ ಊರಿನಲ್ಲಿ ಅಂಥವರ ಮನೆಮಾತು ಬಹುಪಾಲು ತುಳು, ಕನ್ನಡ ಇಲ್ಲವೇ ಬ್ಯಾರಿ. ಇವತ್ತು ಈ ಸಭೆಯಲ್ಲಿ ಹೆಂಡತಿಯ ಜೊತೆಗೆ, ಗಂಡನ ಜೊತೆಗೆ ಬಂದು ಕುಳಿತ ಅಂಥ ಕೆಲವರನ್ನು ನಾನು ಕಾಣುತ್ತಿದ್ದೇನೆ. ಅವರಿಗೆ ತಿಳಿಯದ ಭಾಷೆಯಲ್ಲಿ ಅವರದೇ ಮದುವೆಯ ಬಗ್ಗೆ ಮಾತಾಡುವುದು ನನಗೆ ಸರಿ ಕಾಣಲಿಲ್ಲ.

ನಾನು ಗುರುಗಳಲ್ಲ, ಧರ್ಮಸಭೆಯ (ಕಥೋಲಿಕ ಚರ್ಚಿನ) ಕಾನೂನಿನಲ್ಲಿ ಪದವಿ ಪಡೆದವಳೂ ಅಲ್ಲ. 1994ರಲ್ಲಿ ಉಡುಪಿಯಲ್ಲಿ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಿ, ಆಮೇಲಿನ ಹದಿನಾಲ್ಕು ವರ್ಷ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕುಳಿತು, 2008ರಲ್ಲಿ ಮರಳಿ ಪರಮಪ್ರಸಾದ ಸ್ವೀಕರಿಸಿದವಳು. ಅಲ್ಲಿಂದೀಚೆಗೆ ಇದೇ ಹಾದಿಯಲ್ಲಿರುವ ದಂಪತಿಗಳ ಜೊತೆಗೆ ಗುರುಗಳ ಕಚೇರಿಯವರೆಗೆ ನಡೆದು ಹೋಗುವ ಕೆಲಸವನ್ನು ನನ್ನ ಕೈಲಾದಷ್ಟು ಮಾಡುತ್ತ ಬಂದಿದ್ದೇನೆ. ಅವರಲ್ಲಿ ಹೆಚ್ಚಿನವರನ್ನು ಇಷ್ಟು ವರ್ಷ ದೂರ ಇಟ್ಟದ್ದು ಧರ್ಮಸಭೆಯ ಕಾನೂನಲ್ಲ, ಆ ಕಾನೂನಿನ ಬಗ್ಗೆ ಅವರಿಗೆ ಯಾರೋ ಹೇಳಿದ ತಪ್ಪು ಮಾತು. ಇದು ನನ್ನ ಅನುಭವಕ್ಕೆ ಬಂದ ಸಂಗತಿ, ಇವತ್ತು ನಾನು ಹೇಳಬೇಕೆಂದು ಬಂದದ್ದೂ ಇದನ್ನೇ.

ನನಗೆ ಆ ಮಾತು ಬಂದದ್ದು ಒಂದು ಸಾವಿನ ಮನೆಯಲ್ಲಿ. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಗೆ ಮೊದಲು ನೋಟಿಸ್ ಕೊಡಬೇಕು, ಅದನ್ನು ಕಚೇರಿಯ ಗೋಡೆಯ ಮೇಲೆ ಹಚ್ಚುತ್ತಾರೆ, ಆಕ್ಷೇಪಕ್ಕೆ 30 ದಿನಗಳ ಕಾಲಾವಕಾಶವಿರುತ್ತದೆ. ಆ ಹಾಳೆಯನ್ನು ಓದಿದ ಯಾರೋ ನಮ್ಮ ವಾಳೆಗೆ (ಧರ್ಮಕೇಂದ್ರದ ವಾರ್ಡಿಗೆ) ಸುದ್ದಿ ತಂದಿದ್ದರು. ಮದುವೆಗೆ ಮೊದಲೇ ಅಮ್ಮನ ಕಿವಿಗೆ ಬಿದ್ದಿತ್ತು. ಮದುವೆಯಾಗಿ ನಾಲ್ಕು ತಿಂಗಳಿಗೆ ದೊಡ್ಡಪ್ಪ ತೀರಿಕೊಂಡಾಗ ಅಂಗಳದಲ್ಲಿ ನಿಂತಿದ್ದ ನನ್ನ ಹತ್ತಿರ ಬಂದು, ನಾನು ಬಹಳ ಗೌರವಿಸುತ್ತಿದ್ದ ಒಬ್ಬ ಹಿರಿಯರು, "ನಿನಗೆ ಬಹಿಷ್ಕಾರವಾಗಿದೆ ಮಗಳೇ, ಇನ್ನು ಇಗರ್ಜಿಗೆ ಬಂದರೂ ಒಂದೇ, ಬಿಟ್ಟರೂ ಒಂದೇ" ಎಂದರು. ಅವರಲ್ಲಿ ಕೋಪವಿರಲಿಲ್ಲ, ದುಃಖದಿಂದಲೇ ಹೇಳಿದ್ದರು. ಅದನ್ನು ಹದಿನಾಲ್ಕು ವರ್ಷ ನಾನು ನಂಬಿದೆ.

ಆ ಮಾತು ನಿಜವಲ್ಲ. ಹಳೆಯ ಕಾನೂನು ಸಂಹಿತೆ, ಅಂದರೆ 1917ರದು, ಕಥೋಲಿಕರಲ್ಲದ ಬೋಧಕರ ಮುಂದೆ ಮದುವೆಯಾದ ಕಥೋಲಿಕರಿಗೆ ಬಹಿಷ್ಕಾರ ವಿಧಿಸುತ್ತಿದ್ದುದು ಹೌದು. ಆ ಶಿಕ್ಷೆಯನ್ನು ಜಗದ್ಗುರು (ಪೋಪ್) ಆರನೇ ಪೌಲರು 1970ರಲ್ಲಿಯೇ ರದ್ದುಗೊಳಿಸಿದರು, ಅದಕ್ಕೆ ಮೊದಲು ಶಿಕ್ಷೆಗೆ ಒಳಗಾದವರ ಮೇಲಿನ ಪರಿಣಾಮವೂ ನಿಂತುಹೋಯಿತು ಎಂದು ಅದೇ ಆದೇಶದಲ್ಲಿ ಸೇರಿಸಿದರು. ಈಗ ಜಾರಿಯಲ್ಲಿರುವ 1983ರ ಸಂಹಿತೆಯಲ್ಲಿ ಅಂಥ ಶಿಕ್ಷೆ ಇಲ್ಲ. ರಿಜಿಸ್ಟ್ರಾರ್ ಕಚೇರಿಯಲ್ಲೋ ಕಲ್ಯಾಣ ಮಂಟಪದಲ್ಲೋ ಮದುವೆಯಾದ ಕಥೋಲಿಕರು ಕಥೋಲಿಕರಾಗಿಯೇ ಉಳಿಯುತ್ತಾರೆ. ಭಾನುವಾರದ ಬಲಿಪೂಜೆಗೆ ಬರುವ ಹಕ್ಕು ಅವರದು, ಕರ್ತವ್ಯವೂ ಅವರದೇ. ಪ್ರಾರ್ಥನೆ, ಉಪವಾಸ, ದಾನಧರ್ಮ, ವಾಳೆಯ ಕೂಟ ಯಾವುದಕ್ಕೂ ಅಡ್ಡಿಯಿಲ್ಲ. ಮದುವೆ ಸರಿಯಾಗುವವರೆಗೆ ಪಾಪಕ್ಷಮೆಯನ್ನೂ ಪರಮಪ್ರಸಾದವನ್ನೂ ಪಡೆಯುವಂತಿಲ್ಲ ಎಂಬುದಷ್ಟೇ ನಿಜ. ಅದು ಸಣ್ಣ ನೋವು ಎಂದು ನಾನು ಹೇಳುತ್ತಿಲ್ಲ. ಪರಮಪ್ರಸಾದದ ಹೊತ್ತಿಗೆ ಇಡೀ ಸಾಲು ಎದ್ದು ನಿಂತಾಗ, ಅವರು ದಾಟಿ ಹೋಗಲೆಂದು ಮೊಣಕಾಲುಗಳನ್ನು ಪಕ್ಕಕ್ಕೆ ಸರಿಸಿ, ಸೀರೆಯ ನೆರಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಕುಳಿತಿರುವುದು ಏನೆಂದು ನನಗೆ ಗೊತ್ತು. ಒಮ್ಮೆ ಒಂದು ಮಗು ಅರ್ಧ ದಾರಿಯಿಂದ ತಿರುಗಿ ಬಂದು, "ಆಂಟಿ, ನೀವು ಬರೋದಿಲ್ವಾ?" ಎಂದು ಕೇಳಿತ್ತು. ಆ ದಿನ ಬಲಿಪೂಜೆ ಮುಗಿಯುವ ಮೊದಲೇ ನಾನು ಹೊರಗೆ ಬಂದುಬಿಟ್ಟೆ.

ಆದರೆ ತೆನೆ ಹಬ್ಬದ ದಿನ ಹಾಗಿರುತ್ತಿರಲಿಲ್ಲ. ಸೆಪ್ಟೆಂಬರ್ 8ರಂದು ಮಕ್ಕಳು ಹೂ ಅರ್ಪಿಸಿದ ಮೇಲೆ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಮನೆಗೆ ಹಂಚುತ್ತಾರಲ್ಲ, ಆ ಸಾಲಿನಲ್ಲಿ ನನ್ನನ್ನು ಯಾರೂ ಏನೂ ಕೇಳಿದವರಿಲ್ಲ. ತೆನೆಯನ್ನು ತಂದು ಅತ್ತೆಯ ಕೈಗೆ ಕೊಡುತ್ತಿದ್ದೆ. ಹೊಸಕ್ಕಿಯ ಊಟ ಅವರ ಮನೆಯ ಪದ್ಧತಿಯೂ ಆಗಿದ್ದುದರಿಂದ ಅವರು ಕಾಳುಗಳನ್ನು ಸುಲಿದು, ಅರೆದು, ಪಾಯಸಕ್ಕೆ ಹಾಕುತ್ತಿದ್ದರು. ಆ ಹದಿನಾಲ್ಕು ವರ್ಷ ನನ್ನನ್ನು ಇಗರ್ಜಿಗೆ ಕಟ್ಟಿ ಹಾಕಿದ್ದು ಆ ತೆನೆಯೇ ಎಂದು ಈಗ ಅನಿಸುತ್ತದೆ.

ಇನ್ನು ಮೂಲ ಪ್ರಶ್ನೆಗೆ ಬರೋಣ. ಸರಕಾರದ ಕಣ್ಣಿಗೆ ಪೂರ್ಣ ಮದುವೆಯಾಗಿರುವುದು ಧರ್ಮಸಭೆಯ ಕಣ್ಣಿಗೆ ಏಕೆ ಆಗುವುದಿಲ್ಲ? ಅನೇಕರು ಇದನ್ನು ಅನ್ಯಧರ್ಮದವರ ಮೇಲಿನ ತಿರಸ್ಕಾರ ಎಂದು ತಿಳಿಯುತ್ತಾರೆ, ನನ್ನ ಪತಿಯೂ ಹಾಗೆಯೇ ತಿಳಿದಿದ್ದರು. ಚರಿತ್ರೆ ಬೇರೆ ಇದೆ. ಯುರೋಪಿನಲ್ಲಿ ಹಿಂದೆ ಸಾಕ್ಷಿಗಳಿಲ್ಲದೆ ಗುಟ್ಟಾಗಿ ಮದುವೆಯಾಗಿ, ಆಮೇಲೆ "ಮದುವೆಯೇ ಆಗಿಲ್ಲ" ಎಂದು ಕೈಕೊಟ್ಟು, ಇನ್ನೊಬ್ಬಳನ್ನು ಕಟ್ಟಿಕೊಳ್ಳುತ್ತಿದ್ದವರ ಕಾಟ ವಿಪರೀತವಾಗಿತ್ತು. ಅದನ್ನು ತಡೆಯಲು ಟ್ರೆಂಟ್ ಮಹಾಸಭೆ (ಬಿಷಪರ ಮಹಾಸಮ್ಮೇಳನ) 1563ರಲ್ಲಿ ಒಂದು ನಿಯಮ ತಂದಿತು: ಧರ್ಮಕೇಂದ್ರದ ಗುರುಗಳ ಎದುರು, ಸಾಕ್ಷಿಗಳ ಎದುರು ನಡೆಯದ ಮದುವೆ ಮದುವೆಯಲ್ಲ. 1908ರ ಈಸ್ಟರ್‌ನಿಂದ ಆ ನಿಯಮ ಬಹುತೇಕ ಎಲ್ಲೆಡೆ ಜಾರಿಗೆ ಬಂತು. ಇಂದಿಗೂ ಇಬ್ಬರಲ್ಲಿ ಒಬ್ಬರು ಕಥೋಲಿಕರಾಗಿದ್ದರೆ ಈ ವಿಧಿ ಕಡ್ಡಾಯ. ಅಧಿಕಾರವುಳ್ಳ ಗುರುಗಳು ಅಥವಾ ಡೀಕನ್, ಜೊತೆಗೆ ಇಬ್ಬರು ಸಾಕ್ಷಿಗಳು. ಇಬ್ಬರು ಹಿಂದೂಗಳ ಮದುವೆಯನ್ನೋ ಇಬ್ಬರು ಮುಸ್ಲಿಮರ ಮದುವೆಯನ್ನೋ ಧರ್ಮಸಭೆ ನಿಜವಾದ ಮದುವೆ ಎಂದೇ ಮಾನ್ಯ ಮಾಡುತ್ತದೆ. ಈ ನಿಯಮದ ಹಗ್ಗ ಕಥೋಲಿಕರ ಕೊರಳಿಗೆ ಮಾತ್ರ. ಕೈಕೊಟ್ಟು ಓಡುವವರಿಂದ ಹೆಣ್ಣುಮಕ್ಕಳನ್ನು ಕಾಪಾಡಲು ಹುಟ್ಟಿದ ವಿಧಿ ಇದು ಎಂದು ತಿಳಿದ ದಿನ ನನ್ನ ಅರ್ಧ ಸಿಟ್ಟು ಇಳಿಯಿತು.

ಎಲ್ಲರ ಸ್ಥಿತಿ ಒಂದೇ ಅಲ್ಲ. ಇಬ್ಬರೂ ಕಥೋಲಿಕರೇ ಆಗಿದ್ದು, ಮನೆಯವರ ವಿರೋಧಕ್ಕೋ ಖರ್ಚಿಗೋ ಹೆದರಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದವರದು ಎಲ್ಲಕ್ಕಿಂತ ಸುಲಭದ ದಾರಿ, ವಿಧಿಯೊಂದೇ ಬಾಕಿ. ಸಂಗಾತಿ ಪ್ರೊಟೆಸ್ಟಂಟರಾದರೆ, ಉದಾಹರಣೆಗೆ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪರಂಪರೆಯ ಸಿಎಸ್‌ಐ ಕುಟುಂಬದವರಾದರೆ, ಅವರು ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಪಡೆದುದಕ್ಕೆ ಪುರಾವೆ ಬೇಕು, ಧರ್ಮಾಧ್ಯಕ್ಷರ (ಬಿಷಪರ) ಅನುಮತಿ ಬೇಕು. ಆರ್ಥೊಡಾಕ್ಸ್ ಸಿರಿಯನ್ ಸಭೆಯವರನ್ನು ಅವರ ಇಗರ್ಜಿಯಲ್ಲಿಯೇ ಮದುವೆಯಾಗಿದ್ದರೆ ಲೆಕ್ಕ ಬೇರೆ: ಇಂಥ ಪೂರ್ವದ ಸಭೆಗಳ ಮಟ್ಟಿಗೆ ಪವಿತ್ರ ಅಭಿಷೇಕ ಪಡೆದ ಗುರುಗಳು ನಡೆಸಿದ ಮದುವೆ, ಅನುಮತಿಯಿಲ್ಲದೆ ನಡೆದ ಕಾರಣ ಕ್ರಮತಪ್ಪಿದ್ದಾದರೂ, ಸಿಂಧುವೇ. ಬ್ರಹ್ಮಾವರದ ಸುತ್ತಮುತ್ತ ಆ ಸಭೆಯವರು ನಮ್ಮ ನೆರೆಹೊರೆಯಲ್ಲೇ ಇರುವುದರಿಂದ ಇದನ್ನು ಹೇಳಿದೆ. ಗುರುಗಳನ್ನು ಕೇಳದೆ ಯಾರೂ ತಾವಾಗಿಯೇ ತೀರ್ಮಾನಕ್ಕೆ ಬರಬಾರದು.

ನಮ್ಮ ಜಿಲ್ಲೆಗಳಲ್ಲಿ ನನ್ನ ಬಳಿಗೆ ಬಂದವರಲ್ಲಿ ಹೆಚ್ಚಿನವರು ದೀಕ್ಷಾಸ್ನಾನ ಪಡೆಯದವರನ್ನು ಮದುವೆಯಾದವರು. ಇಲ್ಲಿ ವಿಧಿಯ ಕೊರತೆಯ ಜೊತೆಗೆ ಧರ್ಮಭೇದದ ಅಡ್ಡಿಯೂ ಇದೆ, ಅದಕ್ಕೆ ವಿನಾಯಿತಿ ಬೇಕು. ವಿನಾಯಿತಿಗೆ ಕಥೋಲಿಕರು ತಮ್ಮ ವಿಶ್ವಾಸವನ್ನು ಕಾಪಾಡಿಕೊಳ್ಳುವುದಾಗಿಯೂ ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಿ ಕಥೋಲಿಕರಾಗಿ ಬೆಳೆಸಲು ತಮ್ಮಿಂದ ಸಾಧ್ಯವಾದುದೆಲ್ಲವನ್ನೂ ಮಾಡುವುದಾಗಿಯೂ ಪ್ರಾಮಾಣಿಕವಾಗಿ ಮಾತು ಕೊಡಬೇಕು. "ಸಾಧ್ಯವಾದುದೆಲ್ಲವನ್ನೂ" ಎಂಬ ಪದವನ್ನು ದಯವಿಟ್ಟು ಗಮನಿಸಿ. 1970ಕ್ಕೆ ಮೊದಲು ಅನ್ಯಧರ್ಮದ ಸಂಗಾತಿಯೂ ಭರವಸೆ ಕೊಡಬೇಕಿತ್ತು. ಈಗ ಅವರು ಏನನ್ನೂ ಒಪ್ಪಿ ಸಹಿ ಹಾಕಬೇಕಾಗಿಲ್ಲ, ಕಥೋಲಿಕ ಸಂಗಾತಿ ಏನು ಮಾತು ಕೊಟ್ಟಿದ್ದಾರೆಂದು ಅವರಿಗೆ ತಿಳಿಸಿದರೆ ಸಾಕು. ಅವರು ಮತಾಂತರವಾಗಬೇಕೆಂಬ ಷರತ್ತು ಎಲ್ಲಿಯೂ ಇಲ್ಲ. ಬೀಗರ ಮನೆಗಳಲ್ಲಿ ಈ ಒಂದು ಭಯದಿಂದಲೇ ಎಷ್ಟೋ ಮಾತುಕತೆ ಮುರಿದುಬೀಳುವುದನ್ನು ಕಂಡಿದ್ದೇನೆ, ಆದ್ದರಿಂದ ಇದನ್ನು ಎರಡನೇ ಬಾರಿ ಹೇಳುತ್ತೇನೆ: ಮತಾಂತರ ಬೇಕಿಲ್ಲ. ಹಾಗೆ ನಡೆದ ಮದುವೆ ಕಟ್ಟುನಿಟ್ಟಾಗಿ ಹೇಳುವುದಾದರೆ ಸಂಸ್ಕಾರವಲ್ಲ, ಏಕೆಂದರೆ ಸಂಸ್ಕಾರಕ್ಕೆ ಇಬ್ಬರದೂ ದೀಕ್ಷಾಸ್ನಾನ ಬೇಕು. ಆದರೆ ಅದು ಸಿಂಧುವಾದ, ಪವಿತ್ರವಾದ ಮದುವೆ, ಅದರಲ್ಲಿ ಬಾಳುವ ಕಥೋಲಿಕರಿಗೆ ಪರಮಪ್ರಸಾದಕ್ಕೆ ತಡೆಯಿಲ್ಲ.

ಈಗ ನನಗೆ ಅತ್ಯಂತ ಕಷ್ಟವಾದ ಭಾಗ. ಸಾಮಾನ್ಯ ದಾರಿಯೆಂದರೆ ಗುರುಗಳ ಎದುರು, ಇಬ್ಬರು ಸಾಕ್ಷಿಗಳ ಎದುರು, ಗಂಡಹೆಂಡಿರಿಬ್ಬರೂ ಮತ್ತೊಮ್ಮೆ ಸಮ್ಮತಿ ಕೊಡುವುದು. ಮಾತಿಗೆ ಇದು ಎಷ್ಟು ಸರಳ! ರೋಸ್ (ಮದುವೆಯ ಮುನ್ನಾದಿನದ ತೆಂಗಿನ ಹಾಲಿನ ಶಾಸ್ತ್ರ) ಬೇಡ, ಸಾಡೊ (ಮದುವೆಯ ಸೀರೆ) ಬೇಡ, ಹಾಲ್ ಬೇಡ. ಯಾವುದೋ ಮಂಗಳವಾರ ಬೆಳಿಗ್ಗೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಆ ಸಮ್ಮತಿ ಹಳೆಯದರ ಪುನರುಚ್ಚಾರವಾಗಿರದೆ ಹೊಸ ಸಂಕಲ್ಪವಾಗಿರಬೇಕು ಎಂದು ಕಾನೂನು ಹೇಳುತ್ತದೆ. ಇದನ್ನು ಮನೆಯಲ್ಲಿ ವಿವರಿಸಿದ ರಾತ್ರಿ ನನ್ನ ಪತಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಇಷ್ಟು ವರ್ಷ ನಾವು ಏನಾಗಿದ್ದೆವು?" ಎಂದು ಕೇಳಿದರು. ಒಳಗಿನಿಂದ ಅತ್ತೆಗೂ ಕೇಳಿಸಿತ್ತು; ಅವರು ಬಾಗಿಲಿಗೆ ಬಂದು, "ನಾನು ಆರತಿ ಎತ್ತಿ ಒಳಗೆ ಕರೆದದ್ದು ಯಾರನ್ನು ಹಾಗಾದರೆ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಅವರಿಬ್ಬರ ನೋವು ನ್ಯಾಯವಾದದ್ದು ಎಂದು ನನಗೆ ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ.

ಮುಂದಿನ ವಾರ ಗುರುಗಳ ಬಳಿಗೆ ಹೋಗಿ, ಇದು ಆಗುವುದಿಲ್ಲ ಫಾದರ್, ನನ್ನ ಗಂಡನ ಮನಸ್ಸು ನೋಯಿಸಿ ನಾನು ಯಾವ ಪ್ರಸಾದವನ್ನೂ ತೆಗೆದುಕೊಳ್ಳಲಾರೆ ಎಂದೆ. ಅವರು ಕಪಾಟಿನಿಂದ ಕಾನೂನು ಸಂಹಿತೆಯನ್ನು ತೆಗೆದು, ಇನ್ನೊಂದು ದಾರಿಯನ್ನು ತೋರಿಸಿದರು. ಲ್ಯಾಟಿನ್‌ನಲ್ಲಿ ಅದನ್ನು 'ಸನಾಸಿಯೊ ಇನ್ ರಾದಿಚೆ' ಎನ್ನುತ್ತಾರೆ. ಬೇರಿನಲ್ಲಿಯೇ ಗುಣಪಡಿಸುವುದು ಎಂದು ಅರ್ಥ. ಇದರಲ್ಲಿ ಮತ್ತೆ ಸಮ್ಮತಿ ಕೊಡುವ ಅಗತ್ಯವಿಲ್ಲ. ಅಂದು ರಿಜಿಸ್ಟ್ರಾರರ ಎದುರು ಇಬ್ಬರೂ ಮನಸಾರೆ ಕೊಟ್ಟ ಸಮ್ಮತಿ ಇಂದಿಗೂ ಉಳಿದಿದ್ದರೆ, ಇಬ್ಬರೂ ಮುಂದೆಯೂ ಕೂಡಿ ಬಾಳುವರೆಂಬ ನಂಬಿಕೆಯಿದ್ದರೆ, ಧರ್ಮಾಧ್ಯಕ್ಷರು ಅಡ್ಡಿಗೆ ವಿನಾಯಿತಿ ಕೊಟ್ಟು, ವಿಧಿಯ ಕೊರತೆಯನ್ನು ಮನ್ನಿಸಿ, ಅದೇ ಸಮ್ಮತಿಗೆ ಬಲ ಕೊಡುತ್ತಾರೆ. ಮದುವೆ ಸಿಂಧುವಾಗುವುದು ಆದೇಶದ ದಿನದಿಂದ, ಆದರೆ ಅದರ ಫಲವನ್ನು ಮೊದಲ ದಿನದವರೆಗೆ ಹಿಂದಕ್ಕೆ ಎಣಿಸಲಾಗುತ್ತದೆ. ಸಂಗಾತಿ ಇಗರ್ಜಿಗೆ ಬಂದು ನಿಲ್ಲಬೇಕಾಗಿಯೂ ಇಲ್ಲ. ನಾನು ಮನೆಗೆ ಬಂದು ಇದನ್ನು ಹೇಳಿದಾಗ ಪತಿ, "ಅಂದರೆ ನಾವು ಆಗ ಆಡಿದ ಮಾತನ್ನೇ ಅವರು ತೆಗೆದುಕೊಳ್ಳುತ್ತಾರೆ" ಎಂದರು. ಹೌದು, ಅದನ್ನೇ. ನಮ್ಮಲ್ಲಿ ಎಷ್ಟು ಮಂದಿಗೆ ಈ ದಾರಿ ಗೊತ್ತಿದೆ ಎಂದು ನಾನು ಹೋದಲ್ಲೆಲ್ಲ ಕೇಳುತ್ತೇನೆ. ಮೇಲೇಳುವ ಕೈಗಳು ಬಹಳ ಕಡಿಮೆ. ಸಂಗಾತಿ ಒಪ್ಪುವುದಿಲ್ಲ ಎಂಬ ಕಾರಣಕ್ಕೆ ವರ್ಷಗಟ್ಟಲೆ ಕಾದವರು ಗುರುಗಳನ್ನು ಈ ಹೆಸರು ಹಿಡಿದೇ ಕೇಳಬೇಕು. ಕೊಡುವುದು ಬಿಡುವುದು ಧರ್ಮಾಧ್ಯಕ್ಷರ ವಿವೇಚನೆ, ಕೇಳುವುದಕ್ಕೆ ಅಡ್ಡಿಯಿಲ್ಲ.

ಕಾಗದಪತ್ರಗಳ ವಿಷಯ ಬೇಗ ಮುಗಿಸುತ್ತೇನೆ. ದೀಕ್ಷಾಸ್ನಾನವಾದ ಧರ್ಮಕೇಂದ್ರದಿಂದ ಹೊಸದಾಗಿ ಬರೆಸಿ ತಂದ ಪತ್ರ, ಸರಕಾರಿ ವಿವಾಹ ಪ್ರಮಾಣಪತ್ರ, ಈ ಮೊದಲು ಬೇರೆ ಮದುವೆಯಾಗಿಲ್ಲ ಎಂದು ನಿಮ್ಮನ್ನು ಬಲ್ಲವರ ಹೇಳಿಕೆ, ನೀವು ಕೊಡುವ ಮಾತಿನ ಪತ್ರ. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ದೀಕ್ಷಾಸ್ನಾನ ಪತ್ರ ಸಾಲದು, ಏಕೆಂದರೆ ಧರ್ಮಕೇಂದ್ರದ ದೊಡ್ಡ ದೀಕ್ಷಾಸ್ನಾನ ಪುಸ್ತಕದಲ್ಲಿ ನಿಮ್ಮ ಹೆಸರಿನ ಪಕ್ಕದ ಅಂಚಿನಲ್ಲಿ ದೃಢೀಕರಣ ಸಂಸ್ಕಾರ, ಮದುವೆ ಎಲ್ಲವನ್ನೂ ಗುರುತು ಹಾಕುತ್ತಾರೆ. ಆ ಅಂಚಿನಲ್ಲಿ ಇಂದು ಏನಿದೆ ಎಂಬುದು ಮುಖ್ಯ. ನನ್ನ ಕಡತ 2008ರಲ್ಲಿ ಕೊಡಿಯಾಲ್‌ಬೈಲಿನ ಬಿಷಪ್ಸ್ ಹೌಸಿಗೆ ಬಂದಿತ್ತು. 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತವಾಗಿ, ಕಲ್ಯಾಣಪುರದ ಮಿಲಾಗ್ರಿಸ್ ಅದರ ಪ್ರಧಾನಾಲಯವಾದ ಮೇಲೆ ಆ ಕಡೆಯವರು ಅಲ್ಲಿಯ ಧರ್ಮಾಧ್ಯಕ್ಷರಿಗೆ ಅರ್ಜಿ ಸಲ್ಲಿಸುತ್ತಾರೆ. ನೀವು ಹೋಗಬೇಕಾದದ್ದು ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿಗೆ ಮಾತ್ರ. ಮುಂದಿನದನ್ನು ಅವರೇ ಕಳುಹಿಸುತ್ತಾರೆ.

ಇಷ್ಟು ಸುಲಭವಲ್ಲದ ಒಂದು ಸ್ಥಿತಿಯಿದೆ, ಅದನ್ನು ಮುಚ್ಚಿಟ್ಟು ಹೋದರೆ ನಾನು ನಿಮಗೆ ಮೋಸ ಮಾಡಿದಂತೆ. ಇಬ್ಬರಲ್ಲಿ ಒಬ್ಬರಿಗೆ ಮೊದಲೊಂದು ಮದುವೆಯಾಗಿದ್ದು, ಆ ಸಂಗಾತಿ ಜೀವಂತವಿದ್ದರೆ, ಕೋರ್ಟಿನ ವಿಚ್ಛೇದನ ಸಾಲದು. ಮೊದಲಿನ ಮದುವೆ ಆರಂಭದಿಂದಲೇ ಸಿಂಧುವಾಗಿರಲಿಲ್ಲ ಎಂದು ಧರ್ಮಸಭೆಯ ನ್ಯಾಯಮಂಡಳಿ ತೀರ್ಪು ಕೊಟ್ಟ ಮೇಲೆಯೇ ಸಾಮಾನ್ಯವಾಗಿ ಮುಂದಿನ ಮಾತು. ಅನ್ಯಧರ್ಮದ ಸಂಗಾತಿಯ ಮೊದಲ ಮದುವೆಯೂ ಇದೇ ಲೆಕ್ಕಕ್ಕೆ ಬರುತ್ತದೆ. ಇಬ್ಬರು ಹಿಂದೂಗಳ ಮದುವೆಯನ್ನು ಧರ್ಮಸಭೆ ಮಾನ್ಯ ಮಾಡುತ್ತದೆ ಎಂದು ಆಗಲೇ ಹೇಳಿದೆನಲ್ಲ, ಆ ಗೌರವದ ಇನ್ನೊಂದು ಮುಖ ಇದು. ಆದರೆ ಆ ಮೊದಲ ಮದುವೆ ಕಥೋಲಿಕರೊಬ್ಬರು ಇಗರ್ಜಿಯ ಹೊರಗೆ ಆದದ್ದಾಗಿದ್ದರೆ ವಿಚಾರಣೆ ಬೇಕಾಗುವುದಿಲ್ಲ, ದಾಖಲೆಗಳಿಂದಲೇ ತೀರ್ಮಾನವಾಗುತ್ತದೆ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಈ ನ್ಯಾಯಕ್ರಮವನ್ನು ಹಗುರಗೊಳಿಸಿದರು: ಮೊದಲ ತೀರ್ಪನ್ನು ಎರಡನೇ ನ್ಯಾಯಮಂಡಳಿ ದೃಢಪಡಿಸಲೇಬೇಕೆಂಬ ನಿಯಮ ಹೋಯಿತು, ಇಬ್ಬರೂ ಒಪ್ಪಿ ಸಂಗತಿ ಸ್ಪಷ್ಟವಾಗಿದ್ದಲ್ಲಿ ಧರ್ಮಾಧ್ಯಕ್ಷರೇ ತೀರ್ಪು ಕೊಡುವ ಕಿರುದಾರಿ ಬಂತು, ಸಾಧ್ಯವಾದಷ್ಟು ಖರ್ಚಿಲ್ಲದೆ ನಡೆಯಬೇಕೆಂಬ ಆಶಯವನ್ನೂ ಅವರು ಬರೆದರು. ವಿಚ್ಛೇದನವಾಗಿ ಮರುಮದುವೆಯಾಗದೆ ಒಂಟಿಯಾಗಿ ಬಾಳುತ್ತಿರುವವರಿಗೆ ವಿಚ್ಛೇದನದ ಕಾರಣಕ್ಕೆ ಪರಮಪ್ರಸಾದ ತಪ್ಪುವುದಿಲ್ಲ. ಗಂಡನಿಂದ ಹೊಡೆತ ತಿಂದು ಬೇರೆಯಾದ ಹೆಣ್ಣುಮಕ್ಕಳು ವಿಚ್ಛೇದಿತೆ ಎಂಬ ಒಂದೇ ಕಾರಣಕ್ಕೆ ಕೊನೆಯ ಬೆಂಚಿನಲ್ಲಿ ಕುಳಿತಿರುವುದನ್ನು ಕಂಡಾಗ ನನಗೆ ತಾಳಲಾಗುವುದಿಲ್ಲ. ಅವರನ್ನು ಅಲ್ಲಿ ಕೂರಿಸಿದ್ದು ಕಾನೂನಲ್ಲ.

ನ್ಯಾಯಮಂಡಳಿಯ ಬಾಗಿಲು ತೆರೆಯದವರ ಬಗ್ಗೆ, ಮಕ್ಕಳ ಸಲುವಾಗಿ ಎರಡನೆಯ ಸಂಗಾತಿಯನ್ನು ಬಿಡಲಾಗದವರ ಬಗ್ಗೆ, ಜಗದ್ಗುರು ಎರಡನೇ ಜಾನ್ ಪೌಲರು 1981ರಲ್ಲಿ, ಫ್ರಾನ್ಸಿಸರು 2016ರಲ್ಲಿ ಬರೆದಿದ್ದಾರೆ. ಒಬ್ಬೊಬ್ಬರ ಸ್ಥಿತಿಯನ್ನೂ ಬೇರೆಬೇರೆಯಾಗಿ ವಿವೇಚಿಸಬೇಕೆಂದು ಇಬ್ಬರೂ ಹೇಳಿದ್ದಾರೆ. ಇಂಥದನ್ನು ವೇದಿಕೆಯ ಮೇಲೆ ಬಿಡಿಸಲು ನಾನು ಹೋಗುವುದಿಲ್ಲ. ಅದು ಒಬ್ಬ ಗುರುಗಳ ಎದುರು, ಮುಚ್ಚಿದ ಬಾಗಿಲ ಹಿಂದೆ, ಸಾವಕಾಶವಾಗಿ ಆಗಬೇಕಾದ ಮಾತು.

ಪ್ರಶ್ನೆಗಳಲ್ಲಿ ಮೊದಲನೆಯದನ್ನು ಒಬ್ಬ ಯುವಕ ಕೇಳಿದರು: ನಮ್ಮ ಮದುವೆ ಸರಿಯಾಗುವವರೆಗೆ ಮಗುವಿನ ದೀಕ್ಷಾಸ್ನಾನವನ್ನೂ ತಡೆಯಬೇಕೇ? ತಡೆಯಬೇಕಾಗಿಲ್ಲ. ತಂದೆತಾಯಿಯರಲ್ಲಿ ಒಬ್ಬರಾದರೂ ಒಪ್ಪಿರಬೇಕು, ಮಗು ಕಥೋಲಿಕ ವಿಶ್ವಾಸದಲ್ಲಿ ಬೆಳೆಯುತ್ತದೆಂಬ ಆಧಾರವುಳ್ಳ ಭರವಸೆ ಇರಬೇಕು; ಕಾನೂನು ಕೇಳುವುದು ಅಷ್ಟನ್ನೇ. ನನ್ನ ಮಗನ ದೀಕ್ಷಾಸ್ನಾನ ನಾನು ಮರಳುವುದಕ್ಕಿಂತ ಒಂಬತ್ತು ವರ್ಷ ಮೊದಲೇ ಆಗಿತ್ತು. ಅದನ್ನು ಮಾಡಿಸಿದ ಗುರುಗಳು ಅಂದು ನನ್ನ ಬಗ್ಗೆಯೂ ಒಂದು ಮಾತು ಕೇಳಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ನಾನೂ ಬಾಯಿ ಬಿಟ್ಟಿರಲಿಲ್ಲ.

ಎರಡನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ವೃದ್ಧ ತಾಯಿಯೊಬ್ಬರದು. ಅವರ ಮಗಳು ಬೆಂಗಳೂರಿನಲ್ಲಿ ಹೀಗೆಯೇ ಮದುವೆಯಾಗಿ ಆರು ವರ್ಷವಾಗಿದೆ. "ನಾನು ಅವಳಿಗೆ ಏನು ಹೇಳಲಿ? ಹೇಳಿದರೆ ಫೋನ್ ಇಡುತ್ತಾಳೆ" ಎಂದರು. ನಾನು ಅವರಿಗೆ ನನ್ನ ಅಮ್ಮನ ಕಥೆ ಹೇಳಿದೆ. ಅಮ್ಮ ಹದಿನಾಲ್ಕು ವರ್ಷ ನನಗೆ ಒಂದು ಬುದ್ಧಿಮಾತೂ ಹೇಳಲಿಲ್ಲ. ಪ್ರತಿ ಕ್ರಿಸ್ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿಗಳ) ಡಬ್ಬಿಯನ್ನು ನನ್ನ ಅತ್ತೆಯ ಹೆಸರಿಗೆ ಕಳುಹಿಸುತ್ತಿದ್ದರು, ನನ್ನ ಹೆಸರಿಗಲ್ಲ. 2008ರ ಜನವರಿಯಲ್ಲಿ ನಾನು ಖಾಲಿ ಡಬ್ಬಿ ಹಿಂತಿರುಗಿಸಲು ಹೋದಾಗ, ಅದನ್ನು ತೊಳೆದು ಬೋರಲು ಹಾಕುತ್ತ, ನನ್ನ ಮುಖ ನೋಡದೆ, "ಹೊಸ ಫಾದರ್ ಬಂದಿದ್ದಾರೆ, ಮಂಗಳವಾರ ಸಂಜೆ ಆಫೀಸಿನಲ್ಲಿರುತ್ತಾರಂತೆ. ನಾನು ಕೇಳಿದೆ, ನಿನ್ನಂಥವರಿಗೆ ದಾರಿ ಇದೆಯಂತೆ" ಎಂದರು. ಆ ಮಂಗಳವಾರ ನಾನು ಹೋಗಲಿಲ್ಲ. ಅದರ ಮುಂದಿನ ಮಂಗಳವಾರ ಹೋದೆ.